ಬಾಯೊಳಗಿನ ಕಾವಲು: ಶಿಲೀಂಧ್ರ ಮುಟ್ಟಿದಾಗ ನಮ್ಮ ಜೀವಕೋಶ ಏನು ಮಾಡುತ್ತದೆ?



ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಎಳೆಗೂಸು ಇದ್ದರೆ ಅದರ ಬಾಯನ್ನು ಒಮ್ಮೆ ಗಮನಿಸಿ. ಕೆಲವು ಕೂಸುಗಳ ನಾಲಿಗೆಯ ಮೇಲೆ, ಕೆನ್ನೆಯ ಒಳಬದಿಯಲ್ಲಿ ಮೊಸರಿನ ಚೂರುಗಳಂತೆ ಬಿಳಿಯ ಮಚ್ಚೆಗಳು ಕಾಣುತ್ತವೆ. ಕುಡಿದ ಹಾಲು ಅಂಟಿಕೊಂಡಿದೆ ಎಂದು ತಾಯಿ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಹಾಲಾಗಿದ್ದರೆ ಹೋಗುತ್ತದೆ. ಇದು ಸುಲಭವಾಗಿ ಹೋಗುವುದಿಲ್ಲ. ಬಲವಂತವಾಗಿ ಉಜ್ಜಿದರೆ ಅಡಿಯಲ್ಲಿ ಕೆಂಪಾಗಿ, ಕೂಸು ನೋವಿನಿಂದ ಅಳುತ್ತದೆ. ಈ ಬಿಳಿಯ ಪದರ ಒಂದು ಶಿಲೀಂಧ್ರದ ಬೆಳೆ. ಹೆಸರು ಕ್ಯಾಂಡಿಡಾ ಆಲ್ಬಿಕಾನ್ಸ್. ಲ್ಯಾಟಿನ್ ಭಾಷೆಯಲ್ಲಿ ಈ ಎರಡು ಪದಗಳಿಗೂ ಬಿಳುಪೆಂಬ ಅರ್ಥವೇ ಇದೆ. ಹೆಸರಿಟ್ಟವರಿಗೆ ಬಿಳುಪಿನ ಹೊರತು ಬೇರೇನೂ ಕಣ್ಣಿಗೆ ಬೀಳಲಿಲ್ಲವೆಂದು ತೋರುತ್ತದೆ!

ಈ ಶಿಲೀಂಧ್ರ ಹೊರಗಿನಿಂದ ದಾಳಿ ಮಾಡುವ ಅಪರಿಚಿತನಲ್ಲ. ಆರೋಗ್ಯವಂತರಾದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬಾಯಲ್ಲಿ ಅದು ವಾಸವಾಗಿದೆ. ಈ ಮಾತುಗಳನ್ನು ಓದುತ್ತಿರುವ ನಿಮ್ಮ ನಾಲಿಗೆಯ ಮೇಲೂ ಇರಬಹುದು. ಆದರೂ ನಿಮಗೆ ಬಿಳಿಯ ಪದರವಿಲ್ಲ, ಉರಿಯಿಲ್ಲ. ಏಕೆ? ಒಂದು ಕ್ಷಣ ಆಲೋಚಿಸಿ ನೋಡಿ. ಬಾಯಲ್ಲಿ ಯೀಸ್ಟ್ ಕಣ ಕಂಡಾಗಲೆಲ್ಲ ದೇಹ ಯುದ್ಧ ಹೂಡಿದರೆ ನಮ್ಮ ಬಾಯಿ ಸದಾ ಹುಣ್ಣಾಗಿರಬೇಕಾಗುತ್ತದೆ. ಎಂದೂ ಯುದ್ಧ ಹೂಡದಿದ್ದರೆ ಶಿಲೀಂಧ್ರ ಗಂಟಲಿಗೂ ಅನ್ನನಾಳಕ್ಕೂ ಇಳಿಯುತ್ತದೆ. ಹಾಗಾದರೆ ಅದೇ ಶಿಲೀಂಧ್ರ ನೆರೆಯವನೋ ಕಳ್ಳನೋ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಬಹುಕಾಲ ಈ ಕೆಲಸವನ್ನು ಬಿಳಿ ರಕ್ತಕಣಗಳಿಗೆ ಒಪ್ಪಿಸಿ ನಾವು ಸುಮ್ಮನಿದ್ದೆವು. ಮೊದಲ ತೀರ್ಮಾನ ಬಾಯಿಯ ಒಳಹೊದಿಕೆಯ ಸಾಮಾನ್ಯ ಜೀವಕೋಶಗಳದ್ದೇ ಎಂಬುದು ಈ ಶತಮಾನದ ಸಂಶೋಧನೆಗಳಿಂದ ತಿಳಿದುಬಂದಿದೆ. ಇಂದಿನ ಮಾತು ಆ ಜೀವಕೋಶಗಳನ್ನು ಕುರಿತದ್ದು.

ನಮ್ಮ ಚರ್ಮ, ಬಾಯಿ, ಮೂಗು, ಶ್ವಾಸನಾಳ, ಕರುಳು ಇವೆಲ್ಲದರ ಮೇಲ್ಮೈಗೆ ಹೊದಿಸಿರುವ ಅಂಗಾಂಶಕ್ಕೆ ಅನುಲೇಪಕ ಅಂಗಾಂಶವೆಂದು ಹೆಸರು. ಪಠ್ಯಪುಸ್ತಕದಲ್ಲಿ ಇದರ ಚಿತ್ರವನ್ನು ಇಟ್ಟಿಗೆಯ ಗೋಡೆಯಂತೆ ಬರೆದಿರುವುದನ್ನು ನೀವು ನೋಡಿದ್ದೀರಿ. ಚಿತ್ರ ಸರಿಯೇ, ಆದರೆ ಅದು ಒಂದು ತಪ್ಪು ಕಲ್ಪನೆಯನ್ನೂ ಮನಸ್ಸಿನಲ್ಲಿ ಬಿಡುತ್ತದೆ. ಗೋಡೆಯ ಇಟ್ಟಿಗೆಗೆ ಯಾರು ಮುಟ್ಟಿದರೆಂಬುದು ತಿಳಿಯದು. ಈ ಜೀವಕೋಶಕ್ಕೆ ತಿಳಿಯುತ್ತದೆ. ತಿಳಿದ ಮೇಲೆ ಅದು ತನ್ನ ಜೀನ್‌ಗಳಲ್ಲಿ ಕೆಲವನ್ನು ಎಬ್ಬಿಸಿ, ಕೆಲವನ್ನು ಮಲಗಿಸುತ್ತದೆ.

ಜೀನ್ ಎಬ್ಬಿಸುವುದು ಎಂದರೇನು? ಶಿಲೀಂಧ್ರ ತಗಲಿದರೆ ನಮ್ಮ ಜೀನ್ ಬದಲಾಗುತ್ತದೆಂದು ಕೆಲವು ವಿದ್ಯಾರ್ಥಿಗಳು ತಿಳಿಯುವುದುಂಟು. ಜೀನ್ ಬದಲಾಗುವುದಿಲ್ಲ. ಬದಲಾಗುವುದು ಅದರ ಓದು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ನೆನಪಿಗೆ ತಂದುಕೊಳ್ಳಿ. ಮೂಲ ದಾಖಲೆ ಕೊಠಡಿಯಿಂದ ಆಚೆ ಬರುವುದಿಲ್ಲ. ಬೇಕಾದವರು ನಕಲು ಪಡೆಯುತ್ತಾರೆ. ಜೀವಕೋಶದಲ್ಲಿ ಕೋಶಕೇಂದ್ರವೇ ಆ ಕೊಠಡಿ, ಡಿ.ಎನ್.ಎ. ಮೂಲ ದಾಖಲೆ, ಆರ್.ಎನ್.ಎ. ಅದರ ನಕಲು. ನಕಲು ಹೊರಗೆ ಬಂದ ಮೇಲೆ ಅದರಲ್ಲಿರುವ ಸೂಚನೆಯಂತೆ ಪ್ರೋಟೀನು ತಯಾರಾಗುತ್ತದೆ. ನಮ್ಮಲ್ಲಿ ಇಂಥ ಸುಮಾರು 20,000 ಜೀನ್‌ಗಳಿವೆ. ಕೆನ್ನೆಯ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಅವೇ ದಾಖಲೆಗಳು. ನಕಲಾಗುವ ಪುಟಗಳು ಮಾತ್ರ ಬೇರೆ.

ಈಗ ಒಂದು ದಿನ ಒಂದೇ ಹಳ್ಳಿಯ ಇನ್ನೂರು ಪಹಣಿಗಳಿಗೆ ಜನ ನಕಲು ಕೇಳಿದರು ಎನ್ನಿ. ಆ ಹಳ್ಳಿಗೆ ಹೋಗದೆಯೇ ಗುಮಾಸ್ತರಿಗೆ ಗೊತ್ತಾಗುತ್ತದೆ: ಅಲ್ಲಿ ಏನೋ ನಡೆಯುತ್ತಿದೆ. ಬೆಳೆ ಸಾಲವೋ, ರಸ್ತೆಗೆ ಜಮೀನು ಹೋಗುವುದೋ, ಏನೋ ಒಂದು. ವಿಜ್ಞಾನಿಗಳು ಮಾಡುವುದೂ ಇದೇ. ಜೀವಕೋಶದಲ್ಲಿ ಯಾವ ಜೀನಿನ ನಕಲು ಎಷ್ಟಿದೆಯೆಂದು ಎಣಿಸುತ್ತಾರೆ. ಹಿಂದೆ ಒಂದೊಂದಾಗಿ ಎಣಿಸಬೇಕಾಗಿತ್ತು. 1995ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಗಾಜಿನ ಪಟ್ಟಿಯ ಮೇಲೆ ಹಲವು ಜೀನ್‌ಗಳ ನಕಲುಗಳನ್ನು ಒಟ್ಟಿಗೆ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇಂದು ಎಲ್ಲ ಆರ್.ಎನ್.ಎ. ನಕಲುಗಳನ್ನೂ ಓದಿ ಲೆಕ್ಕ ಕೊಡುವ ಯಂತ್ರಗಳಿವೆ. ಅಷ್ಟೇ ಅಲ್ಲ, ಶಿಲೀಂಧ್ರಕ್ಕೂ ಜೀನ್‌ಗಳಿವೆಯಲ್ಲವೆ? ಎರಡೂ ಸೇರಿರುವ ಒಂದೇ ಮಾದರಿಯಿಂದ ನಮ್ಮ ನಕಲುಗಳನ್ನೂ ಅದರ ನಕಲುಗಳನ್ನೂ ಬೇರ್ಪಡಿಸಿ ಓದಬಹುದು. ಜಗಳದಲ್ಲಿ ಇಬ್ಬರ ಮಾತನ್ನೂ ಏಕಕಾಲಕ್ಕೆ ಕೇಳಿದಂತೆ.

ಇನ್ನು ಪ್ರಯೋಗಕ್ಕೆ ಬರೋಣ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೂಲಿಯನ್ ನಾಗ್ಲಿಕ್, ಡೇವಿಡ್ ಮೋಯ್ಸ್ ಮೊದಲಾದವರು ಟಿಆರ್-146 ಎಂಬ ಜೀವಕೋಶಗಳನ್ನು ಬಳಸಿದರು. ಕೆನ್ನೆಯ ಒಳಭಾಗದ ಒಂದು ಕ್ಯಾನ್ಸರಿನಿಂದ ಬಂದ ಈ ತಳಿಯನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಹಾಸಿನಂತೆ ಬೆಳೆಸಬಹುದು. ಅದರ ಮೇಲೆ ಕ್ಯಾಂಡಿಡಾ ಹಾಕಿ, ನಿಮಿಷಗಳ ಲೆಕ್ಕದಲ್ಲಿ ಜೀವಕೋಶದೊಳಗೆ ನಡೆಯುವುದನ್ನು ನೋಡುತ್ತ ಹೋದರು.

ಇಲ್ಲಿ ಶಿಲೀಂಧ್ರದ ಒಂದು ಗುಣವನ್ನು ನೀವು ತಿಳಿದಿರಬೇಕು. ಕ್ಯಾಂಡಿಡಾ ಎರಡು ವೇಷದ ಜೀವಿ. ಶಾಂತವಾಗಿದ್ದಾಗ ಅದು ದುಂಡನೆಯ ಯೀಸ್ಟ್ ಕಣ. ಅಡ್ಡಳತೆ ಸುಮಾರು 5 ಮೈಕ್ರೋಮೀಟರ್, ಎಂದರೆ ಇನ್ನೂರು ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಅನುಕೂಲ ಸಿಕ್ಕರೆ ಅದು ಉದ್ದನೆಯ ಎಳೆಯಾಗಿ ಚಾಚಿಕೊಂಡು ಜೀವಕೋಶದೊಳಗೆ ನುಗ್ಗುತ್ತದೆ. ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನ ಓದುವವರು ಇದನ್ನು ಕಣ್ಣಾರೆ ನೋಡುತ್ತಾರೆ: ಯೀಸ್ಟನ್ನು ಮನುಷ್ಯನ ರಕ್ತದ ಸೀರಮ್ಮಿನಲ್ಲಿ 37 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಇಟ್ಟರೆ, ಮೊಳಕೆ ಕಟ್ಟಿದ ಹೆಸರುಕಾಳಿನಂತೆ ಬಾಲ ಹೊರಡುತ್ತದೆ. ಕ್ಯಾಂಡಿಡಾ ಆಲ್ಬಿಕಾನ್ಸನ್ನು ಗುರುತಿಸಲು ಇಂದಿಗೂ ಬಳಕೆಯಲ್ಲಿರುವ ಅಗ್ಗದ ಪರೀಕ್ಷೆ ಅದು.

ಲಂಡನ್ನಿನ ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು. ಶಿಲೀಂಧ್ರ ತಾಗಿದ ಕೆಲವೇ ನಿಮಿಷಗಳಲ್ಲಿ ಜೀವಕೋಶದೊಳಗೆ ಸಣ್ಣದೊಂದು ಕದಲಿಕೆ. ಶಿಲೀಂಧ್ರದ ಹೊರಗೋಡೆಯ ಸಕ್ಕರೆ ಜಾತಿಯ ವಸ್ತುಗಳನ್ನು ಜೀವಕೋಶ ಗುರುತಿಸಿದೆ. ಎನ್‌ಎಫ್-ಕಪ್ಪಾ-ಬಿ, ಸಿ-ಜೂನ್ ಎಂಬ ಪ್ರೋಟೀನುಗಳು ಚುರುಕಾಗುತ್ತವೆ. ಬಂದದ್ದು ದುಂಡು ಕಣವಾದರೂ ಸರಿ, ಎಳೆಯಾದರೂ ಸರಿ, ಈ ಮೊದಲ ಪ್ರತಿಕ್ರಿಯೆ ಒಂದೇ. ಅದು ಬೇಗನೆ ತಣ್ಣಗಾಗುತ್ತದೆ. ಬೀದಿಯಲ್ಲಿ ಯಾರೋ ಹೋದರೆಂದು ಜಗುಲಿಯ ಮೇಲೆ ಕುಳಿತ ಅಜ್ಜ ತಲೆಯೆತ್ತಿ ನೋಡಿ ಸುಮ್ಮನಾದಂತೆ. ಸುಮಾರು ಎರಡು ಗಂಟೆಯ ಹೊತ್ತಿಗೆ ಎರಡನೆಯ ಅಲೆ ಬರುತ್ತದೆ. ಇದು ಬರುವುದು ಎಳೆಗಳಿದ್ದರೆ ಮಾತ್ರ. ಅವೂ ಸಾಕಷ್ಟು ಸಂಖ್ಯೆಯಲ್ಲಿರಬೇಕು. ಆಗ ಏಳುವುದು ಸಿ-ಫಾಸ್ ಎಂಬ ಪ್ರೋಟೀನು. ಅದು ಡಿ.ಎನ್.ಎ.ಯ ಮೇಲೆ ಕುಳಿತು ಬೇರೆ ಜೀನ್‌ಗಳ ನಕಲು ತೆಗೆಸುವ ಅಧಿಕಾರಿ. ಅದರ ಜೊತೆಯಲ್ಲೇ ಎಂಕೆಪಿ-1 ಎಂಬ ಇನ್ನೊಂದು ಪ್ರೋಟೀನೂ ಏಳುತ್ತದೆ. ಅದರ ಕೆಲಸ ಕೂಗನ್ನು ತಗ್ಗಿಸುವುದು. ಗಂಟೆ ಬಾರಿಸುವವನನ್ನೂ, ಸಾಕು ನಿಲ್ಲಿಸು ಎನ್ನುವವನನ್ನೂ ಜೀವಕೋಶ ಒಂದೇ ಹೊತ್ತಿಗೆ ಕೆಲಸಕ್ಕೆ ಹಚ್ಚುತ್ತದೆ. ಈ ಎಂಕೆಪಿ-1ನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಎಳೆಯಲ್ಲಿರುವ, ದುಂಡು ಕಣದಲ್ಲಿ ಇಲ್ಲದ ಆ ಗುರುತು ಯಾವುದು? ನನ್ನ ಮಟ್ಟಿಗೆ ಈ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ. ಉತ್ತರ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು. ಇಸಿಇ-1 ಎಂಬ ಕ್ಯಾಂಡಿಡಾ ಜೀನನ್ನು 1993ರಲ್ಲೇ ಗುರುತಿಸಿದ್ದರು. ಕಣ ಎಳೆಯಾಗಿ ಉದ್ದವಾದಷ್ಟೂ ಈ ಜೀನಿನ ನಕಲು ಹೆಚ್ಚುತ್ತಿತ್ತು. ಆದ್ದರಿಂದ ಉದ್ದವಾಗಲು ಇದೇ ಕಾರಣವಿರಬೇಕೆಂದು ಜೀನನ್ನು ತೆಗೆದುಹಾಕಿ ನೋಡಿದರು. ಶಿಲೀಂಧ್ರ ಮೊದಲಿನಂತೆಯೇ ಎಳೆ ಬಿಟ್ಟಿತು! ಇಷ್ಟೊಂದು ನಕಲಾಗುವ ಜೀನ್ ಏನೂ ಕೆಲಸ ಮಾಡುತ್ತಿಲ್ಲವೆಂದರೆ ನಂಬುವುದು ಹೇಗೆ? ಜೀನ್ ಒಂದು ಒಗಟಾಗಿಯೇ ಉಳಿಯಿತು.

2016ರಲ್ಲಿ ನಾಗ್ಲಿಕ್ ಅವರ ತಂಡ, ಜರ್ಮನಿಯ ಯೇನಾ ನಗರದ ಬರ್ನ್‌ಹಾರ್ಡ್ ಹೂಬೆ ಅವರ ತಂಡ ಮತ್ತು ಇತರರು ಸೇರಿ ಒಗಟನ್ನು ಬಿಡಿಸಿದರು. ಇಸಿಇ-1 ಜೀನಿನಿಂದ ತಯಾರಾಗುವ ಪ್ರೋಟೀನನ್ನು ಶಿಲೀಂಧ್ರ ತನ್ನದೇ ಕಿಣ್ವದಿಂದ ಎಂಟು ತುಂಡು ಮಾಡುತ್ತದೆ. ಮೂರನೆಯ ತುಂಡು 31 ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ. ಅದು ವಿಷ! ಜೇನುಹುಳು ಕುಟುಕಿದಾಗ ಉರಿಯುತ್ತದಲ್ಲ, ಆ ವಿಷದ ಮುಖ್ಯ ಅಂಶವೂ 26 ಅಮೈನೋ ಆಮ್ಲಗಳ ಇಂಥದೇ ಸುರುಳಿ. ಎರಡೂ ಜೀವಕೋಶದ ಪೊರೆಯಲ್ಲಿ ಸೇರಿಕೊಂಡು ತೂತು ಮಾಡಬಲ್ಲವು. ಶಿಲೀಂಧ್ರದ ಈ ತುಂಡಿಗೆ ಕ್ಯಾಂಡಿಡಾಲೈಸಿನ್ ಎಂದು ಹೆಸರಿಟ್ಟರು. ಮನುಷ್ಯನಿಗೆ ರೋಗ ತರುವ ಶಿಲೀಂಧ್ರವೊಂದರಲ್ಲಿ ಜೀವಕೋಶವನ್ನು ಒಡೆಯುವ ಇಂಥ ಪೆಪ್ಟೈಡ್ ವಿಷ ಕಂಡದ್ದು ಅದೇ ಮೊದಲು. ಈ ಜೀನಿಲ್ಲದ ಕ್ಯಾಂಡಿಡಾ ಎಳೆ ಬಿಡುತ್ತದೆ, ಜೀವಕೋಶದೊಳಗೂ ನುಗ್ಗುತ್ತದೆ, ಆದರೆ ಹಾನಿ ಮಾಡಲಾರದು. ಜೀವಕೋಶವೂ ಅದಕ್ಕೆ ಎರಡನೆಯ ಅಲೆಯ ಉತ್ತರ ಕೊಡುವುದಿಲ್ಲ.

ಈ ವಿಷ ತುಂಬ ಕಡಿಮೆ ಪ್ರಮಾಣದಲ್ಲಿದ್ದಾಗ ಜೀವಕೋಶಕ್ಕೆ ಗಾಯವಾಗುವುದಿಲ್ಲ. ಆದರೂ ಸಿ-ಫಾಸ್ ಏಳುತ್ತದೆ. ಎಂದರೆ ಗಾಯವಾಗುವ ಮೊದಲೇ ಗಂಟೆ ಬಾರಿಸುತ್ತದೆ. ಶಿಲೀಂಧ್ರ ಯಾವ ಆಯುಧ ಹಿಡಿದು ಬರುತ್ತದೆಯೋ ಅದರ ಸಪ್ಪಳವನ್ನೇ ನಮ್ಮ ಜೀವಕೋಶ ಗುರುತಾಗಿ ಇಟ್ಟುಕೊಂಡಿದೆ. ನೆರೆಯವನನ್ನೂ ಕಳ್ಳನನ್ನೂ ಮುಖ ನೋಡಿ ಗುರುತಿಸಲಾಗದು, ಮುಖ ಒಂದೇ. ಕೈಯಲ್ಲಿರುವ ಹಾರೆಯನ್ನು ನೋಡಬೇಕು. (2018 ಮತ್ತು 2019ರಲ್ಲಿ ಜೀವಕೋಶದ ಹೊರಮೈಯ ಇಎಫ್‌ಎ-2 ಮತ್ತು ಇಜಿಎಫ್‌ಆರ್ ಎಂಬ ಗ್ರಾಹಕಗಳ ಪಾತ್ರವೂ ತಿಳಿದುಬಂತು. ಇವುಗಳಲ್ಲಿ ಮೊದಲನೆಯದು ಶಿಲೀಂಧ್ರದ ಗೋಡೆಯ ಸಕ್ಕರೆಯನ್ನು ಹಿಡಿಯುತ್ತದೆ. ಎರಡನೆಯದು ವಿಷದ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ.)

ಗಂಟೆ ಬಾರಿಸಿದ ಮೇಲೆ ಏನಾಗುತ್ತದೆ? ಸಾಮಾನ್ಯವಾಗಿ ಮೌನವಾಗಿರುವ ಜೀನ್‌ಗಳ ನಕಲು ಹೊರಬೀಳುತ್ತದೆ. ಇಂಟರ್‌ಲ್ಯೂಕಿನ್-8 ಎಂಬ ವಸ್ತು ರಕ್ತದಿಂದ ನ್ಯೂಟ್ರೋಫಿಲ್‌ಗಳೆಂಬ ಬಿಳಿ ಕಣಗಳನ್ನು ಕರೆಯುತ್ತದೆ. ಜಿ-ಸಿಎಸ್‌ಎಫ್ ಎಂಬುದು ಇನ್ನಷ್ಟು ಕಣಗಳನ್ನು ತಯಾರಿಸುವಂತೆ ಮೂಳೆಯ ಮಜ್ಜೆಗೆ ಹೇಳಿ ಕಳಿಸುತ್ತದೆ. ಸ್ಥಳೀಯ ಲಿಂಫ್ ಕಣಗಳು ಇಂಟರ್‌ಲ್ಯೂಕಿನ್-17 ಎಂಬ ಸಂದೇಶವನ್ನು ಹೊರಡಿಸುತ್ತವೆ. ಆ ಸಂದೇಶ ಹಿಂದಿರುಗಿ ಬರುವುದು ಎಲ್ಲಿಗೆ ಎನ್ನುತ್ತೀರಿ? ಮತ್ತೆ ಅದೇ ಒಳಹೊದಿಕೆಯ ಜೀವಕೋಶಗಳಿಗೆ. ಆಗ ಅವು ಡಿಫೆನ್ಸಿನ್ ಮೊದಲಾದ ಶಿಲೀಂಧ್ರನಾಶಕ ಪ್ರೋಟೀನುಗಳ ಜೀನ್‌ಗಳನ್ನು ಎಬ್ಬಿಸುತ್ತವೆ. ಕೂಗಿದವನಿಗೇ ಕೋಲನ್ನೂ ತಂದುಕೊಟ್ಟಂತೆ.

ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದನ್ನು ತಟ್ಟೆಯ ಜೀವಕೋಶಗಳಿಂದ ಊಹಿಸಬೇಕಾಗಿಲ್ಲ. 2011ರಲ್ಲಿ ಪ್ಯಾರಿಸ್ಸಿನ ಆನ್ ಪುಯೆಲ್, ಜಾನ್-ಲೊರಾನ್ ಕಾಸನೋವಾ ಮತ್ತು ಸಂಗಡಿಗರು, ಎಳೆತನದಿಂದಲೂ ಬಾಯಿ, ಚರ್ಮಗಳಲ್ಲಿ ಕ್ಯಾಂಡಿಡಾ ಬಿಡದೆ ಕಾಡುತ್ತಿದ್ದ ಒಂದು ಮಗುವಿನ ಕಾರಣವನ್ನು ಕಂಡುಹಿಡಿದರು. ಇಂಟರ್‌ಲ್ಯೂಕಿನ್-17ರ ಸಂದೇಶ ಹಿಡಿಯುವ ಗ್ರಾಹಕದ ಜೀನಿನಲ್ಲಿ ದೋಷವಿತ್ತು. ಸಂದೇಶ ಬರುತ್ತಿತ್ತು, ಕೇಳುವ ಕಿವಿ ಇರಲಿಲ್ಲ. ಮಗುವಿನ ತಂದೆ ತಾಯಿ ರಕ್ತಸಂಬಂಧಿಗಳು. ದೋಷವುಳ್ಳ ಪ್ರತಿ ಇಬ್ಬರಿಂದಲೂ ಒಂದೊಂದು ಬಂದಿತ್ತು. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ನಮ್ಮ ಕರ್ನಾಟಕದಲ್ಲೂ ಇರುವುದರಿಂದ, ಇಂಥ ಅಪರೂಪದ ದೋಷಗಳು ಕೂಡಿಬರುವ ಸಂಭವ ನಮ್ಮಲ್ಲೂ ಹೆಚ್ಚೆಂಬುದನ್ನು ಜೀವಶಾಸ್ತ್ರ ಓದುವ ನೀವು ತಿಳಿದಿರಬೇಕು.

ಹುಟ್ಟಿನಿಂದಲ್ಲದೆ ಅನಂತರವೂ ಕೊಂಡಿ ಕಳಚಬಹುದು. 1981ರ ಜೂನ್ 5ರಂದು ಅಮೆರಿಕೆಯ ರೋಗ ನಿಯಂತ್ರಣ ಕೇಂದ್ರ ತನ್ನ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ತರುಣರ ವಿಚಿತ್ರ ಕಾಯಿಲೆಯನ್ನು ವರದಿ ಮಾಡಿತು. ಏಡ್ಸ್ ರೋಗದ ಮೊದಲ ವರದಿ ಅದು. ಆ ಐವರಲ್ಲೂ ಒಳಪೊರೆಗಳ ಮೇಲೆ ಕ್ಯಾಂಡಿಡಾ ಸೋಂಕಿತ್ತು. ಆ ವೈರಸ್ಸು ನಾಶಮಾಡುವ ಲಿಂಫ್ ಕಣಗಳಲ್ಲಿ ಇಂಟರ್‌ಲ್ಯೂಕಿನ್-17 ಕಳಿಸುವ ಕಣಗಳೂ ಸೇರಿವೆಯೆಂಬುದು ತಿಳಿಯಲು ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಔಷಧವೂ ಈ ಕೊಂಡಿಯನ್ನು ಸಡಿಲಿಸಬಹುದು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇಂಟರ್‌ಲ್ಯೂಕಿನ್-17ನ್ನೇ ತಡೆಯುವ ಚುಚ್ಚುಮದ್ದುಗಳು 2015ರಿಂದ ಬಳಕೆಗೆ ಬಂದಿವೆ. ಚರ್ಮ ತಿಳಿಯಾಗುತ್ತದೆ, ಕೆಲವರ ಬಾಯಲ್ಲಿ ಮಾತ್ರ ಬಿಳಿಯ ಪದರ ಕಾಣಿಸಿಕೊಳ್ಳುತ್ತದೆ.

ಈಗ ಎಂಕೆಪಿ-1ಕ್ಕೆ ಬರೋಣ. ನಿಮ್ಮಲ್ಲಿ ಉಬ್ಬಸವಿರುವವರು ಸ್ಟೀರಾಯ್ಡ್ ಇರುವ ಇನ್‌ಹೇಲರ್ ಸೇದುತ್ತಿರಬಹುದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ ಎಂದು ವೈದ್ಯರು ಹೇಳಿರುತ್ತಾರೆ. ಬಹಳ ಮಂದಿ ಅದನ್ನು ಪಾಲಿಸುವುದಿಲ್ಲ, ಕಾರಣ ತಿಳಿಯದಿರುವುದರಿಂದ. ಕಾರಣ ಇದು: ಸ್ಟೀರಾಯ್ಡ್ ಜೀವಕೋಶದೊಳಗೆ ಹೋಗಿ ನಕಲು ಹೆಚ್ಚಿಸುವ ಜೀನ್‌ಗಳಲ್ಲಿ ಎಂಕೆಪಿ-1ರ ಜೀನೂ ಒಂದು. ಶ್ವಾಸನಾಳದ ಉರಿಯೂತಕ್ಕೆ ಈ ತಡೆ ಬೇಕು, ಅದಕ್ಕಾಗಿಯೇ ಮದ್ದು. ಆದರೆ ಬಾಯಲ್ಲಿ ಉಳಿದ ಪುಡಿ ಅಲ್ಲಿಯ ಕಾವಲಿನ ಬಾಯನ್ನೂ ಕಟ್ಟುತ್ತದೆ. ಮದ್ದು ನಿಲ್ಲಿಸಬೇಡಿ, ಮುಕ್ಕಳಿಸುವುದನ್ನು ಮರೆಯಬೇಡಿ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಹೆಂಗಸರಲ್ಲಿ ನಾಲ್ವರಿಗೆ ಮೂವರು ಜೀವಮಾನದಲ್ಲಿ ಒಮ್ಮೆಯಾದರೂ ಯೋನಿಯ ಕ್ಯಾಂಡಿಡಾ ಸೋಂಕನ್ನು ಅನುಭವಿಸುತ್ತಾರೆ. ನಮ್ಮಲ್ಲಿ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಇದು ಸಾಮಾನ್ಯವಾದ, ಚಿಕಿತ್ಸೆಯಿರುವ ಕಾಯಿಲೆ, ನಾಚಿಕೆಗೆ ಕಾರಣವಿಲ್ಲ. ಅಲ್ಲಿಯೂ ಒಳಹೊದಿಕೆ ಗಂಟೆ ಬಾರಿಸುತ್ತದೆ, ನ್ಯೂಟ್ರೋಫಿಲ್‌ಗಳು ಓಡಿಬರುತ್ತವೆ. ಬಂದರೂ ಆ ಪರಿಸರದಲ್ಲಿ ಶಿಲೀಂಧ್ರವನ್ನು ಸರಿಯಾಗಿ ಕೊಲ್ಲಲಾರವು. ತುರಿಕೆ, ಉರಿ, ಊತ ಇವುಗಳಲ್ಲಿ ಬಹುಪಾಲು ಅವುಗಳ ಗದ್ದಲದಿಂದಲೇ ಬರುತ್ತದೆ. ಬಾಯಲ್ಲಿ ನಮ್ಮನ್ನು ಕಾಯುವ ಜೀನ್‌ಗಳೇ ಇಲ್ಲಿ ನೋವಿಗೆ ಕಾರಣವಾಗುತ್ತವೆ.

ಕೊನೆಯದಾಗಿ, ನೀವೇ ಕಂಡ ಅಥವಾ ಮನೆಯವರಿಂದ ಕೇಳಿರುವ ಒಂದು ಸಂಗತಿ. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯ ಹೊತ್ತಿನಲ್ಲಿ, ಕರ್ನಾಟಕವೂ ಸೇರಿ ದೇಶದ ಹಲವು ರಾಜ್ಯಗಳಲ್ಲಿ 'ಕಪ್ಪು ಶಿಲೀಂಧ್ರ' ಎಂದು ಜನ ಕರೆದ ಮ್ಯೂಕರ್ಮೈಕೋಸಿಸ್ ಹರಡಿ, ಎಷ್ಟೋ ಮಂದಿ ಕಣ್ಣು ಕಳೆದುಕೊಂಡರು, ಪ್ರಾಣವನ್ನೂ ಕಳೆದುಕೊಂಡರು. ಇದು ಕ್ಯಾಂಡಿಡಾ ಅಲ್ಲ. ರೈಜೋಪಸ್ ಮೊದಲಾದ ಬೂಷ್ಟುಗಳ ಕೆಲಸ. ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ರೈಜೋಪಸ್ಸಿನ ಚಿತ್ರವನ್ನು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ. ಅದರ ಬೀಜಕಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ದಿನವೂ ನಮ್ಮ ಮೂಗಿಗೆ ಹೋಗುತ್ತವೆ, ಏನೂ ಆಗುವುದಿಲ್ಲ. ಆಗ ಮಾತ್ರ ಆದದ್ದೇಕೆ?

ಒಂದು ಮುಖ್ಯ ಸುಳಿವು ಅದಕ್ಕೂ ಒಂದು ವರ್ಷ ಮೊದಲೇ, 2020ರಲ್ಲಿ, ಅಮೆರಿಕೆಯ ಕ್ಯಾಲಿಫೋರ್ನಿಯದ ವಿಜ್ಞಾನಿಗಳಿಂದ ಪ್ರಕಟವಾಗಿತ್ತು. ಮೂಗಿನ ಒಳಹೊದಿಕೆಯ ಜೀವಕೋಶಗಳಲ್ಲಿ ಜಿಆರ್‌ಪಿ-78 ಎಂಬ ಪ್ರೋಟೀನಿದೆ. ಜೀವಕೋಶಕ್ಕೆ ಸಂಕಟ ಬಂದಾಗ ಅದು ತನ್ನ ರಕ್ಷಣೆಗಾಗಿ ಈ ಜೀನಿನ ನಕಲನ್ನು ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ, ಕೀಟೋನ್, ಬಿಡಿ ಕಬ್ಬಿಣದ ಅಂಶ ಏರಿದಾಗ ಆಗುವುದೂ ಇಂಥ ಸಂಕಟವೇ. ಹತೋಟಿಯಿಲ್ಲದ ಮಧುಮೇಹದಲ್ಲಿ ಇವೆಲ್ಲ ಏರುತ್ತವೆ. ರೈಜೋಪಸ್ಸಿನ ಮೈಮೇಲಿನ ಸಿಒಟಿಎಚ್-3 ಎಂಬ ಪ್ರೋಟೀನು ಹಿಡಿದುಕೊಳ್ಳುವುದು ಈ ಜಿಆರ್‌ಪಿ-78ನ್ನೇ. ತನ್ನನ್ನು ಕಾಯ್ದುಕೊಳ್ಳಲು ಜೀವಕೋಶ ಹೊರಗಿಟ್ಟ ಊರುಗೋಲನ್ನೇ ಹಿಡಿದು ಶಿಲೀಂಧ್ರ ಒಳಗೆ ಹತ್ತುತ್ತದೆ. 2021ರಲ್ಲಿ ಕೋವಿಡ್ ರೋಗಿಗಳಲ್ಲಿ ಅನೇಕರಿಗೆ ಮಧುಮೇಹವಿತ್ತು, ಚಿಕಿತ್ಸೆಗೆ ಕೊಟ್ಟ ಸ್ಟೀರಾಯ್ಡ್ ಸಕ್ಕರೆಯನ್ನು ಮತ್ತಷ್ಟು ಏರಿಸಿತು, ಬಿಳಿ ಕಣಗಳನ್ನು ಕುಂದಿಸಿತು. ವೈದ್ಯರು ಅಂದು ರೋಗಿಗಳ ಸಕ್ಕರೆಯನ್ನು ಮೊದಲು ಹತೋಟಿಗೆ ತರಲು ಹೆಣಗಿದ್ದು ಇದಕ್ಕೆ.

ಶಿಲೀಂಧ್ರದ ಜೀವಕೋಶ ನಮ್ಮ ಜೀವಕೋಶವನ್ನು ಬಹಳ ಹೋಲುತ್ತದೆ, ಬ್ಯಾಕ್ಟೀರಿಯದಂತೆ ಬೇರೆಯಲ್ಲ. ಆದ್ದರಿಂದ ನಮಗೆ ಹಾನಿಯಾಗದೆ ಅದನ್ನು ಮಾತ್ರ ಕೊಲ್ಲುವ ಮದ್ದಿನ ಬಗೆಗಳು ಕೆಲವೇ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಕ್ಯಾಂಡಿಡಾ ಆಲ್ಬಿಕಾನ್ಸ್ ಅತ್ಯಂತ ಮೇಲಿನ ಗುಂಪಿನಲ್ಲಿದೆ. ಇದರಿಂದಾಗಿ ಶಿಲೀಂಧ್ರವನ್ನು ಕೊಲ್ಲುವ ಬದಲು ಅದರ ಹಿಡಿತವನ್ನು ಬಿಡಿಸುವ ದಾರಿಯನ್ನೂ ಸಂಶೋಧಕರು ಹುಡುಕುತ್ತಿದ್ದಾರೆ. ಸಿಒಟಿಎಚ್-3ಕ್ಕೆ ಅಂಟಿಕೊಂಡು ಅದನ್ನು ಮುಚ್ಚಿಹಾಕುವ ಪ್ರತಿಕಾಯಗಳು ಇಲಿಗಳನ್ನು ಮ್ಯೂಕರ್ಮೈಕೋಸಿಸ್‌ನಿಂದ ಉಳಿಸಿವೆ.